ಕಾಡುಪ್ರಾಣಿಯನ್ನು ಮುಟ್ಟಿದ ಮಗುವಿಗೆ ರೇಬಿಸ್ ಲಸಿಕೆ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಮಾಹಿತಿ

ಹೊಲದ ಬದುವಿನಲ್ಲಿ ಸಿಕ್ಕ ನರಿಮರಿಯನ್ನು ಮಗು ಎತ್ತಿ ಆಡಿಸಿದೆ. ಮೈಮೇಲೆ ಗಾಯವೇನೂ ಕಾಣುತ್ತಿಲ್ಲ. ಮರಿ ಮತ್ತೆ ಪೊದೆಗೆ ಓಡಿಹೋಗಿದೆ. ಲಸಿಕೆ ಹಾಕಿಸಬೇಕೇ, ಬೇಡವೇ? ಇಂತಹ ಪ್ರಶ್ನೆಗೆ ರೈತ ಬಾಂಧವರು ಮೊದಲು ತಿಳಿಯಬೇಕಾದ ಉತ್ತರ ಇಷ್ಟು: ಮಗುವಿನ ಕೈ, ಮುಖ ಹಾಗೂ ಪ್ರಾಣಿ ತಾಗಿದ ಎಲ್ಲ ಭಾಗಗಳನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ, ಅದೇ ದಿನ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಲಸಿಕೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಪ್ರಾಣಿ ಸಾಯುತ್ತದೆಯೋ ಬದುಕುತ್ತದೆಯೋ ಎಂದು ಕಾದು ನೋಡುವುದು ಕಾಡುಪ್ರಾಣಿಗಳ ವಿಷಯದಲ್ಲಿ ಸಲ್ಲದು.

ಬೆಳೆ ವಿಜ್ಞಾನದ ಮಾಹಿತಿ ನೀಡುವ ಈ ತಾಣದಲ್ಲಿ ಮನುಷ್ಯರ ರೋಗವೊಂದರ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ರಾಗಿ, ನೆಲಗಡಲೆ, ಟೊಮೆಟೊ, ಹಿಪ್ಪುನೇರಳೆ, ಮಾವು ಯಾವ ಬೆಳೆಯೇ ಇರಲಿ, ನಮ್ಮ ಜಿಲ್ಲೆಯಲ್ಲಿ ಹೊಲಕ್ಕೆ ಹೋಗುವುದು ಇಡೀ ಕುಟುಂಬ. ಬೇಸಿಗೆ ರಜೆಯಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳ ಕಾವಲು ಗುಡಿಸಲುಗಳಲ್ಲಿ ಮಕ್ಕಳೂ ದಿನ ಕಳೆಯುತ್ತಾರೆ. ನರಿ, ಗುಳ್ಳೆನರಿಗಳು ಮರಿಗಳೊಡನೆ ಬದು, ಕಲ್ಲುಗುಡ್ಡೆ, ನೀಲಗಿರಿ ತೋಪು, ಜಾಲಿ ಬೆಳೆದ ಕೆರೆಯಂಗಳಗಳಲ್ಲಿ ಕಾಣಿಸಿಕೊಳ್ಳುವುದೂ ಬಹುಮಟ್ಟಿಗೆ ಅದೇ ತಿಂಗಳುಗಳಲ್ಲಿ. ಇಂತಹ ಸುದ್ದಿ ವೈದ್ಯರಿಗಿಂತ ಮೊದಲು ತಲುಪುವುದು ಹೊಲಕ್ಕೆ ಬಂದ ಕೃಷಿ ಸಹಾಯಕರಿಗೆ, ರೇಷ್ಮೆ ಪ್ರದರ್ಶಕರಿಗೆ, ಡೇರಿ ಕಾರ್ಯದರ್ಶಿಗೆ. ಅವರ ಬಾಯಿಂದ ಬರುವ ಮೊದಲ ಸಲಹೆ ಸರಿಯಾಗಿರಬೇಕು.

ರೋಗ ಏರುವ ದಾರಿ

ರೇಬಿಸ್ ಅಥವಾ ಹುಚ್ಚುನಾಯಿ ರೋಗವು ವೈರಾಣುವಿನಿಂದ ಬರುತ್ತದೆ. ರೋಗಗ್ರಸ್ತ ಪ್ರಾಣಿಯ ಜೊಲ್ಲಿನಲ್ಲಿ ಈ ವೈರಾಣು ಇರುತ್ತದೆ. ಕಚ್ಚಿದ ಗಾಯ, ಉಗುರಿನ ತರಚು, ಮೊದಲೇ ಇದ್ದ ಹುಣ್ಣು ಅಥವಾ ಕಣ್ಣು, ಮೂಗು, ಬಾಯಿಯ ಒಳಪೊರೆಯ ಮೂಲಕ ಅದು ದೇಹವನ್ನು ಪ್ರವೇಶಿಸುತ್ತದೆ. ಅಖಂಡವಾಗಿರುವ ಚರ್ಮವನ್ನು ದಾಟುವ ಶಕ್ತಿ ಅದಕ್ಕಿಲ್ಲ. ಒಳಹೊಕ್ಕ ನಂತರ ನರಗಳ ಜಾಡು ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಬೇಕು. ಕೆಲವೊಮ್ಮೆ ವಾರದೊಳಗೇ ಮುಗಿದೀತು, ಅಪರೂಪಕ್ಕೆ ವರ್ಷವೂ ಹಿಡಿದೀತು. ತಲೆ, ಮುಖ, ಕುತ್ತಿಗೆಯ ಗಾಯಗಳಿಂದ ದೂರ ಕಡಿಮೆ. ಬೆರಳ ತುದಿಗಳಲ್ಲಿ ನರಗಳು ದಟ್ಟ. ಮಕ್ಕಳ ಎತ್ತರ ಕಡಿಮೆ ಇರುವುದರಿಂದ ಪ್ರಾಣಿಯ ಬಾಯಿಗೆ ಅವರ ಮುಖವೇ ಎಟುಕುತ್ತದೆ. ಹಾಗಾಗಿ ಮಕ್ಕಳಲ್ಲಿ ರೋಗ ಬೇಗ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಟೊಮೆಟೊ ಬೆಳೆಗಾರರಿಗೆ ಸೊರಗು ರೋಗದ ಪರಿಚಯವಿದೆ. ಬೇರಿನಿಂದ ಸೋಂಕು ಕಾಂಡದೊಳಗೆ ಏರುವಾಗ ಮೇಲೆ ಏನೂ ಕಾಣದು. ಎಲೆ ಜೋತುಬಿದ್ದ ದಿನ ಬುಡಕ್ಕೆ ಎಷ್ಟು ಔಷಧಿ ಸುರಿದರೂ ಆ ಗಿಡ ಮೇಲೇಳದು. ರೇಬಿಸ್ ಇದಕ್ಕಿಂತ ಕ್ರೂರ. ನೀರು ಕಂಡರೆ ಗಂಟಲು ಸೆಳೆಯುವುದು, ಗಾಳಿ ಬೀಸಿದರೆ ಬೆಚ್ಚುವುದು, ಜೊಲ್ಲು ಸುರಿಯುವುದು ಮುಂತಾದ ಲಕ್ಷಣಗಳು ಆರಂಭವಾದ ಮೇಲೆ ಖಚಿತವಾದ ಚಿಕಿತ್ಸೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಆದರೆ ಲಕ್ಷಣ ಕಾಣುವ ಮೊದಲು ಸಕಾಲದಲ್ಲಿ, ಪೂರ್ಣವಾಗಿ ಚಿಕಿತ್ಸೆ ಪಡೆದರೆ ಇದನ್ನು ತಡೆಯಬಹುದು. ವೈರಾಣುವಿನ ಪಯಣದ ಅವಧಿಯೇ ನಮಗಿರುವ ಅವಕಾಶ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಇತ್ತೀಚಿನ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳು ಸಂಭವಿಸುತ್ತವೆ. ರೇಬಿಸ್‌ನಿಂದ ಸಾಯುವವರು ಸುಮಾರು 5,700 ಮಂದಿ. ಕಡಿತಗಳಲ್ಲಿ ಸುಮಾರು ಮುಕ್ಕಾಲು ಪಾಲು ನಾಯಿಯವು. ಕಾಡುಪ್ರಾಣಿಗಳ ಪಾಲು ಚಿಕ್ಕದು, ನಿಜ. ಚಿಕ್ಕದಾಗಿರುವ ಕಾರಣಕ್ಕೇ ಅದು ಮನಸ್ಸಿನಿಂದ ಜಾರುತ್ತದೆ. ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡುವ ಮನೆಯವರೇ ಮುಂಗುಸಿ ಕಚ್ಚಿದರೆ ಅರಿಶಿನ ಮೆತ್ತಿ ಸುಮ್ಮನಾಗುವುದುಂಟು.

ಮುಟ್ಟಿದ್ದೋ, ಕಚ್ಚಿದ್ದೋ

ವಿಶ್ವ ಆರೋಗ್ಯ ಸಂಸ್ಥೆಯು ಪ್ರಾಣಿ ಸಂಪರ್ಕವನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ಪ್ರಾಣಿಯನ್ನು ಮುಟ್ಟಿದ್ದು, ಮೇವು ತಿನ್ನಿಸಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯ ವರ್ಗ. ಇದಕ್ಕೆ ಲಸಿಕೆ ಬೇಕಿಲ್ಲ. ಬರಿಮೈಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದು, ರಕ್ತ ಬಾರದ ಸಣ್ಣ ತರಚು ಎರಡನೆಯ ವರ್ಗ. ಇದಕ್ಕೆ ಲಸಿಕೆ ಬೇಕು. ಚರ್ಮ ಸೀಳಿದ ಕಡಿತ ಅಥವಾ ತರಚು, ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದು ಮೂರನೆಯ ವರ್ಗ. ಇದಕ್ಕೆ ಲಸಿಕೆಯ ಜೊತೆಗೆ ರೇಬಿಸ್ ಸೀರಂ ಸಹ ಬೇಕು. ನಮ್ಮ ದೇಶದ ರಾಷ್ಟ್ರೀಯ ಮಾರ್ಗಸೂಚಿಯಂತೆ ಕಾಡುಪ್ರಾಣಿಯ ಕಡಿತವನ್ನು ಮೂರನೆಯ ವರ್ಗವೆಂದೇ ಪರಿಗಣಿಸಲಾಗುತ್ತದೆ.

ಹಾಗಾದರೆ ನರಿಮರಿಯನ್ನು ‘ಮುಟ್ಟಿದ’ ಮಗು ಮೊದಲನೆಯ ವರ್ಗವಲ್ಲವೇ, ಲಸಿಕೆ ಏಕೆ ಎಂದು ನೀವು ಕೇಳಬಹುದು. ಮಾರ್ಗಸೂಚಿಯಲ್ಲಿ ಒಂದು ಷರತ್ತು ಇದೆ: ನಡೆದ ಸಂಗತಿಯ ವಿವರ ನಂಬಲರ್ಹವಾಗಿದ್ದರೆ ಮಾತ್ರ ಲಸಿಕೆ ಬಿಡಬಹುದು. ಎಡವಟ್ಟು ಇರುವುದು ಇಲ್ಲಿಯೇ. ನಾಲ್ಕು ವರ್ಷದ ಮಗು ನಡೆದದ್ದನ್ನು ಕ್ರಮವಾಗಿ ಹೇಳಲಾರದು. ಎಂಟು ವರ್ಷದ ಮಗು ಹೇಳಬಲ್ಲದು, ಆದರೆ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತದೆ. ಚುಚ್ಚುಮದ್ದಿನ ಹೆಸರು ಎತ್ತಿದ ಮೇಲಂತೂ ‘ಕಚ್ಚಲಿಲ್ಲ’ ಎಂಬ ಉತ್ತರವೇ ಸಿದ್ಧವಾಗಿರುತ್ತದೆ. ಮರಿಯ ಹಲ್ಲು ಸೂಜಿಯಂತೆ ಸಣ್ಣದು. ಅದರ ಗುರುತು ಮಣ್ಣು ಮೆತ್ತಿದ ಕೈಯಲ್ಲಿ ಕಾಣದು. ಕಳೆ ಕೀಳುವಾಗ, ಜಾಲಿಮುಳ್ಳು ತಾಗಿದಾಗ ಆದ ಹಳೆಯ ತರಚುಗಳು ಹಳ್ಳಿಯ ಮಕ್ಕಳ ಕೈಕಾಲುಗಳಲ್ಲಿ ಇದ್ದೇ ಇರುತ್ತವೆ. ಮರಿ ನೆಕ್ಕಿದ್ದು ಅವುಗಳ ಮೇಲೆಯೇ ಆಗಿದ್ದರೆ ವರ್ಗವೇ ಬದಲಾಗುತ್ತದೆ.

ಹೊರದೇಶದ ಎರಡು ಘಟನೆಗಳು ಇದಕ್ಕೆ ಸಾಕ್ಷಿ. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಚರ್ಚಿನೊಳಗೆ ಬಿದ್ದಿದ್ದ ಬಾವಲಿಯನ್ನು 15 ವರ್ಷದ ಬಾಲಕಿಯೊಬ್ಬಳು ಎತ್ತಿ ಹೊರಗೆ ಬಿಟ್ಟಳು. ಬೆರಳಿಗೆ ಆದದ್ದು ಚಿಕ್ಕ ಗಾಯ. ಮನೆಯಲ್ಲಿ ಗಾಯ ತೊಳೆದರು, ಆಸ್ಪತ್ರೆಗೆ ಹೋಗಲಿಲ್ಲ. ಸುಮಾರು ಒಂದು ತಿಂಗಳ ನಂತರ ರೇಬಿಸ್ ಲಕ್ಷಣಗಳು ಕಾಣಿಸಿದವು. ಆಕೆ ದೀರ್ಘ ಚಿಕಿತ್ಸೆಯ ಬಳಿಕ ಬದುಕಿದ್ದು ವೈದ್ಯಲೋಕಕ್ಕೇ ಅಚ್ಚರಿ. ಅದೇ ವಿಧಾನವನ್ನು ಅನುಸರಿಸಿದ ಇತರ ಬಹುತೇಕ ರೋಗಿಗಳು ಉಳಿಯಲಿಲ್ಲ. 2024ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮಗುವಿನ ಕೋಣೆಯೊಳಗೆ ಬಾವಲಿ ಸೇರಿತ್ತು. ಕಚ್ಚಿದ ಗುರುತು ಕಾಣದ ಕಾರಣ ತಂದೆತಾಯಿ ಚಿಕಿತ್ಸೆ ಕೊಡಿಸಲಿಲ್ಲ. ಆ ಮಗು ರೇಬಿಸ್‌ನಿಂದ ಮೃತಪಟ್ಟಿತು. ಅಲ್ಲಿನ ಬಾವಲಿಗಳ ಪರಿಸ್ಥಿತಿ ನಮ್ಮಲ್ಲಿನದಕ್ಕಿಂತ ಬೇರೆ, ಅದನ್ನು ಮುಂದೆ ವಿವರಿಸಿದೆ. ಆದರೆ ‘ಗಾಯ ಕಾಣಲಿಲ್ಲ’ ಎಂಬುದು ‘ಗಾಯ ಇರಲಿಲ್ಲ’ ಎಂಬುದಕ್ಕೆ ಸಮವಲ್ಲ ಎನ್ನುವುದು ಎಲ್ಲೆಡೆಗೂ ಅನ್ವಯಿಸುತ್ತದೆ.

ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಮಗುವನ್ನು ಪ್ರಶ್ನಿಸುವಾಗ ‘ಕಚ್ಚಿತಾ?’ ಎಂದು ಆರಂಭಿಸಬಾರದು. ‘ಮರಿ ಎಷ್ಟು ದೊಡ್ಡದಿತ್ತು? ಹೇಗೆ ಎತ್ತಿಕೊಂಡೆ, ತೋರಿಸು ನೋಡೋಣ. ಬಾಯಿಗೆ ಏನಾದರೂ ತಿನ್ನಿಸಿದೆಯಾ? ಮುತ್ತು ಕೊಟ್ಟೆಯಾ?’ ಎಂದು ಕೇಳಿದರೆ ನಿಜ ತಾನಾಗಿ ಹೊರಬರುತ್ತದೆ. ಜೊತೆಯಲ್ಲಿದ್ದ ಇತರ ಮಕ್ಕಳನ್ನು ಬೇರೆಯಾಗಿ ಕೇಳಿರಿ. ಒಂದು ಮಗು ಮರಿ ಎತ್ತಿದ್ದರೆ ಓಣಿಯ ನಾಲ್ಕು ಮಕ್ಕಳು ಅದರೊಡನೆ ಆಡಿರುತ್ತಾರೆ. ಆಸ್ಪತ್ರೆಗೆ ಅವರನ್ನೂ ಕರೆದೊಯ್ಯಬೇಕು. ಮಗುವನ್ನು ಹೊಡೆಯುವುದಾಗಲಿ, ಗದರಿಸುವುದಾಗಲಿ ಮಾಡದಂತೆ ಮನೆಯವರಿಗೆ ತಿಳಿಸಿರಿ. ಈ ಬಾರಿ ಏಟು ತಿಂದ ಮಗು ಮುಂದಿನ ಬಾರಿ ಕಚ್ಚಿಸಿಕೊಂಡದ್ದನ್ನು ಹೇಳುವುದೇ ಇಲ್ಲ.

ಹತ್ತು ದಿನದ ನಿಯಮ ಕಾಡುಪ್ರಾಣಿಗೆ ಅನ್ವಯಿಸದು

‘ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಚೆನ್ನಾಗಿ ಬೇರೂರಿದೆ. ಇದು ನಾಯಿ ಮತ್ತು ಬೆಕ್ಕಿಗೆ ಮಾತ್ರ ಸಂಬಂಧಿಸಿದ್ದು. ಅವುಗಳ ಜೊಲ್ಲಿನಲ್ಲಿ ವೈರಾಣು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಅವು ಕಾಯಿಲೆ ಬಿದ್ದು ಸಾಯುತ್ತವೆ ಎಂಬುದು ಚೆನ್ನಾಗಿ ತಿಳಿದಿರುವ ಕಾರಣ ಆ ಅವಧಿ ನಿಗದಿಯಾಗಿದೆ. ಆಗಲೂ ಲಸಿಕೆಯನ್ನು ಮೊದಲ ದಿನವೇ ಆರಂಭಿಸಬೇಕು. ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನ ಚುಚ್ಚುಮದ್ದಿನ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ನರಿ, ಮುಂಗುಸಿ, ಪುನುಗು ಬೆಕ್ಕು, ಕೋತಿಗಳ ವಿಷಯದಲ್ಲಿ ಅಂತಹ ಖಚಿತ ಅವಧಿಯಿಲ್ಲ. ಮರಿಯನ್ನು ಬುಟ್ಟಿಯಡಿ ಕೂಡಿಹಾಕಿ ಕಾಯುವುದರಿಂದ ಮನೆಯ ಇನ್ನಷ್ಟು ಜನರಿಗೆ ಅಪಾಯ ತಗುಲೀತೇ ಹೊರತು ಬೇರೆ ಲಾಭವಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಅಪರಾಧವೂ ಹೌದು.

ಇನ್ನೊಂದು ಮಾತು. ಬೆಳಿಗ್ಗೆ ಎದ್ದೊಡನೆ ನರಿಯ ಮುಖ ನೋಡಿದರೆ ಅದೃಷ್ಟ ಎಂಬ ನಂಬಿಕೆ ನಮ್ಮಲ್ಲಿದೆ. ಗಡಿಭಾಗದ ತೆಲುಗು ಮಾತಿನಲ್ಲಂತೂ ನಕ್ಕನ ಬಾಲ ತುಳಿದವನೇ ಭಾಗ್ಯವಂತ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಹಗಲು ಹೊತ್ತಿನಲ್ಲಿ ಮನುಷ್ಯರಿಗೆ ಹೆದರದೆ ಹೊಲದ ಮನೆಯ ಅಂಗಳಕ್ಕೆ ಬರುವ, ಓಲಾಡುತ್ತಾ ನಡೆಯುವ, ನಾಯಿಗಳ ಮೇಲೆ ತಾನೇ ಎರಗುವ, ಕೈಗೆ ಸುಲಭವಾಗಿ ಸಿಗುವ ನರಿ ಅದೃಷ್ಟದ ಸಂಕೇತವಲ್ಲ. ಕಾಡುಪ್ರಾಣಿಯ ಸಹಜ ಗುಣ ದೂರ ಓಡುವುದು. ಆ ಗುಣ ಕಳೆದುಕೊಂಡ ಪ್ರಾಣಿಯನ್ನು ರೋಗಪೀಡಿತವೆಂದೇ ಭಾವಿಸಿ ಮಕ್ಕಳನ್ನು ಒಳಗೆ ಕರೆದುಕೊಳ್ಳಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿರಿ.

ಹೊಲದಲ್ಲಿಯೇ ಮಾಡಬೇಕಾದ ಕೆಲಸ

ರೇಬಿಸ್ ವೈರಾಣುವಿನ ಮೇಲೆ ಕೊಬ್ಬಿನಂಶದ ಹೊದಿಕೆ ಇದೆ. ಸೋಪು ಆ ಹೊದಿಕೆಯನ್ನು ಕರಗಿಸಿ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತದೆ. ಹರಿಯುವ ನೀರು ಅದನ್ನು ಗಾಯದಿಂದ ಹೊರಕ್ಕೆ ಒಯ್ಯುತ್ತದೆ. ಸ್ನಾನದ ಸೋಪು, ಬಟ್ಟೆ ಸೋಪು ಯಾವುದಾದರೂ ಆದೀತು. 15 ನಿಮಿಷ ಎಂಬುದು ಅಳುವ ಮಗುವನ್ನು ಹಿಡಿದುಕೊಂಡಿರುವಾಗ ಬಹಳ ದೀರ್ಘವೆನಿಸುತ್ತದೆ. ಮೊಬೈಲ್‌ನಲ್ಲಿ ಗಡಿಯಾರ ನೋಡಿಕೊಂಡೇ ತೊಳೆಯಿರಿ. ಕೊಳವೆಬಾವಿಯ ನೀರು ಬಿಡುವ ತೊಟ್ಟಿಯ ಬಳಿ ಈ ಕೆಲಸ ಸುಲಭ. ಹನಿ ನೀರಾವರಿ ಇರುವಲ್ಲಿ ಪೈಪಿನ ತುದಿ ಬಿಚ್ಚಿದರೆ ಸಣ್ಣ ಧಾರೆ ದೊರೆಯುತ್ತದೆ, ಆದರೆ ಆ ಹೊತ್ತಿನಲ್ಲಿ ರಸಾವರಿ ನಡೆಯುತ್ತಿದ್ದರೆ ಆ ನೀರನ್ನು ಬಳಸಬೇಡಿರಿ. ಔಷಧಿ ಸಿಂಪಡಿಸುವ ಪಂಪಿಗೆ ನೀರು ತುಂಬಿ ಗಾಯ ತೊಳೆಯುವುದು ಎಂದಿಗೂ ಕೂಡದು. ಎಷ್ಟೇ ತೊಳೆದ ಪಂಪಿನಲ್ಲಿಯೂ ಕೀಟನಾಶಕದ ಶೇಷ ಉಳಿದಿರುತ್ತದೆ. ಕಣ್ಣಿಗೆ ಜೊಲ್ಲು ಸಿಡಿದಿದ್ದರೆ ಸೋಪು ಬೇಡ, ಬರೀ ಶುದ್ಧ ನೀರಿನಿಂದ ತೊಳೆಯಿರಿ.

ತೊಳೆದ ಬಳಿಕ ಪೋವಿಡೋನ್ ಅಯೋಡಿನ್ ದ್ರಾವಣವಿದ್ದರೆ ಹಚ್ಚಬಹುದು. ಸುಣ್ಣ, ಮೆಣಸಿನ ಪುಡಿ, ಅರಿಶಿನ, ಎಕ್ಕದ ಹಾಲು, ಕಾಫಿ ಪುಡಿ ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು. ಇವು ಗಾಯವನ್ನು ಕೆರಳಿಸುತ್ತವೆ, ಮುಂದೆ ವೈದ್ಯರು ಸೀರಂ ನೀಡುವುದಕ್ಕೂ ತೊಡಕಾಗುತ್ತವೆ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿರಿ. ಹೊಲಿಗೆ ಹಾಕಲು ಅವಸರಪಡಬೇಡಿರಿ. ಹೊಲಿಗೆ ಅನಿವಾರ್ಯವಾದರೂ ಅದನ್ನು ಸೀರಂ ಕೊಟ್ಟ ಬಳಿಕ ಹಾಕಬೇಕು. ನಾಟಿ ಔಷಧಿ, ಪಥ್ಯ, ಮಂತ್ರಗಳಿಗೆ ಹೋಗುವುದಾದರೆ ಮೊದಲ ಚುಚ್ಚುಮದ್ದು ಹಾಕಿಸಿಕೊಂಡ ಮೇಲೆ ಹೋಗಿರಿ ಎಂದು ನಾನು ಹಿರಿಯರಿಗೆ ಹೇಳುವುದುಂಟು. ವಾದ ಮಾಡಿ ಒಂದು ದಿನ ಕಳೆಯುವುದಕ್ಕಿಂತ ಅದು ಲೇಸು.

ಲಸಿಕೆ ಮತ್ತು ಸೀರಂ

ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ ಅಜ್ಜಿ ತಾತಂದಿರಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ದೇಶದಲ್ಲಿ ಆ ಲಸಿಕೆ 2005ರ ವೇಳೆಗೆ ನಿಂತಿತು. ಈಗಿನವು ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಪದರದೊಳಗೆ ನೀಡುವ ವಿಧಾನಕ್ಕೆ 2006ರಲ್ಲಿ ಅನುಮತಿ ದೊರೆಯಿತು. ಇದರಲ್ಲಿ 0, 3, 7 ಮತ್ತು 28ನೆಯ ದಿನ, ಪ್ರತಿ ಬಾರಿ ಎರಡೂ ತೋಳುಗಳಿಗೆ 0.1 ಮಿ.ಲೀ.ನಂತೆ ಚುಚ್ಚಲಾಗುತ್ತದೆ. ಸ್ನಾಯುವಿಗೆ ನೀಡುವ ವಿಧಾನದಲ್ಲಿ 0, 3, 7, 14 ಮತ್ತು 28ನೆಯ ದಿನಗಳಲ್ಲಿ ಒಂದೊಂದು ಚುಚ್ಚುಮದ್ದು. ಇಲ್ಲಿ ‘0’ ಎಂದರೆ ಕಚ್ಚಿದ ದಿನವಲ್ಲ, ಮೊದಲ ಚುಚ್ಚುಮದ್ದು ಪಡೆದ ದಿನ. ತೀರಾ ಎಳೆಯ ಮಕ್ಕಳಿಗೆ ಸ್ನಾಯುವಿನ ಚುಚ್ಚುಮದ್ದನ್ನು ತೊಡೆಗೆ ನೀಡುತ್ತಾರೆ. ಪಿರ್ರೆಗೆ ಎಂದಿಗೂ ನೀಡಬಾರದು. ಲಸಿಕೆಯ ಪ್ರಮಾಣ ಮಗುವಿಗೂ ದೊಡ್ಡವರಿಗೂ ಒಂದೇ. ಗರ್ಭಿಣಿಯರೂ ಬಾಣಂತಿಯರೂ ಪಡೆಯಬಹುದು.

ಲಸಿಕೆ ಕೊಟ್ಟ ಕೂಡಲೇ ರಕ್ಷಣೆ ದೊರೆಯದು. ದೇಹ ತಾನೇ ಪ್ರತಿರೋಧ ಬೆಳೆಸಿಕೊಳ್ಳಲು ವಾರಕ್ಕೂ ಹೆಚ್ಚು ಸಮಯ ಬೇಕು. ಆ ಅವಧಿಯ ಕಾವಲಿಗೆ ಸೀರಂ. ಇದರ ಮಹತ್ವ ಜಗತ್ತಿಗೆ ಮನದಟ್ಟಾದದ್ದು ಒಂದು ಕಾಡುಪ್ರಾಣಿಯಿಂದಲೇ. 1954ರಲ್ಲಿ ಇರಾನಿನ ಹಳ್ಳಿಯೊಂದಕ್ಕೆ ನುಗ್ಗಿದ ರೋಗಗ್ರಸ್ತ ತೋಳವೊಂದು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕಚ್ಚಿತು. ತಲೆಗೆ ಕಡಿತವಾಗಿ ಲಸಿಕೆಯನ್ನು ಮಾತ್ರ ಪಡೆದ 5 ಜನರಲ್ಲಿ 3 ಮಂದಿ ಸತ್ತರು. ಲಸಿಕೆಯೊಡನೆ ಸೀರಂ ಪಡೆದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬದುಕಿದರು. ಅಂದಿನಿಂದ ಗಂಭೀರ ಕಡಿತಗಳಿಗೆ ಎರಡನ್ನೂ ಕೊಡುವ ಪದ್ಧತಿ ನೆಲೆಗೊಂಡಿತು.

ಸೀರಂ ಪ್ರಮಾಣ ಮಾತ್ರ ತೂಕವನ್ನು ಅವಲಂಬಿಸಿದೆ. ಕುದುರೆ ಮೂಲದ್ದಾದರೆ ಪ್ರತಿ ಕೆ.ಜಿ. ತೂಕಕ್ಕೆ 40 ಅಂತರರಾಷ್ಟ್ರೀಯ ಘಟಕ, ಮಾನವ ಮೂಲದ್ದಾದರೆ 20 ಘಟಕ. 15 ಕೆ.ಜಿ. ತೂಕದ ಮಗುವಿಗೆ ಕುದುರೆ ಸೀರಂ 600 ಘಟಕ ಬೇಕಾಗುತ್ತದೆ, ಮಿ.ಲೀ.ಗೆ 300 ಘಟಕವಿರುವ ಬಾಟಲಿಯಿಂದ ಇದು 2 ಮಿ.ಲೀ. ಇದನ್ನು ತೋಳಿಗೆ ಚುಚ್ಚಿದರೆ ಸಾಲದು, ಗಾಯದ ಒಳಗೂ ಸುತ್ತಲೂ ಇಳಿಸಬೇಕು. ನೋವಾಗುತ್ತದೆ, ಮಗು ಕಿರುಚುತ್ತದೆ. ತಂದೆತಾಯಿ ಅದನ್ನು ಸಹಿಸಿ ವೈದ್ಯರಿಗೆ ಸಹಕರಿಸಬೇಕು. ಸೀರಂ ಮೊದಲ ದಿನವೇ ಸಿಗುವುದು ಉತ್ತಮ. ಸಿಗದಿದ್ದರೆ ಮೊದಲ ಚುಚ್ಚುಮದ್ದಿನಿಂದ 7 ದಿನಗಳ ಒಳಗೆ ಪಡೆಯಬಹುದು, ಆನಂತರ ಅದರಿಂದ ಪ್ರಯೋಜನವಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ತಾಲ್ಲೂಕು ಆಸ್ಪತ್ರೆಗಳು, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗಳನ್ನು ಸಂಪರ್ಕಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹತ್ತಿರದ ಕೇಂದ್ರದಲ್ಲಿ ಸೀರಂ ಇಲ್ಲದಿದ್ದರೆ ಲಸಿಕೆಯ ಮೊದಲ ಚುಚ್ಚುಮದ್ದು ಮತ್ತು ಧನುರ್ವಾಯು ಚುಚ್ಚುಮದ್ದು ಅಲ್ಲಿಯೇ ಪಡೆದು, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿಸಿ ಸೀರಂ ಇರುವುದನ್ನು ಖಚಿತಪಡಿಸಿಕೊಂಡು ಹೊರಡಿರಿ. ಎಲ್ಲವೂ ಒಂದೇ ಕಡೆ ಸಿಗಲಿ ಎಂದು ಊರೂರು ಅಲೆದು ಸಂಜೆ ಮಾಡಿಕೊಳ್ಳಬೇಡಿರಿ. ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸ್ 108.

ತಡವಾಯಿತೆಂದು ಕೈಚೆಲ್ಲುವುದು ಬೇಡ. ಘಟನೆ ನಡೆದು ವಾರ, ತಿಂಗಳು ಕಳೆದಿದ್ದರೂ ಮಗು ಆರೋಗ್ಯವಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ನಡುವೆ ಒಂದು ದಿನಾಂಕ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಿಲ್ಲ. ತಪ್ಪಿದ್ದನ್ನು ಕೂಡಲೇ ಪಡೆದು ಮುಂದುವರಿಯಬೇಕು. ಬಹಳ ಕುಟುಂಬಗಳು ಕೈಬಿಡುವುದು 28ನೆಯ ದಿನದ ಚುಚ್ಚುಮದ್ದನ್ನು. ಆ ವೇಳೆಗೆ ಗಾಯ ಮಾಯ್ದಿರುತ್ತದೆ, ಕೊಯ್ಲು ಅಥವಾ ಹುಳು ಹಣ್ಣಾಗುವ ಅವಸರ ಬಂದಿರುತ್ತದೆ. ಹುಳು ಸಾಕಣೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವ ಮನೆಗಳಲ್ಲಿ ಈ ನಾಲ್ಕು ದಿನಾಂಕಗಳನ್ನೂ ಅದರಲ್ಲೇ ಬರೆದಿಡಿರಿ. ಚೀಟಿಯನ್ನು ಜೋಪಾನ ಮಾಡಿರಿ: ಪೂರ್ಣ ಲಸಿಕೆ ಪಡೆದ ದಾಖಲೆಯಿದ್ದರೆ ಮುಂದೆ ಮತ್ತೆ ಕಡಿತವಾದಾಗ 0 ಮತ್ತು 3ನೆಯ ದಿನ ಎರಡು ಬಾರಿ ಲಸಿಕೆ ಸಾಕು, ಸೀರಂ ಬೇಕಾಗದು.

ಯಾವ ಪ್ರಾಣಿ, ಎಷ್ಟು ಅಪಾಯ

ನರಿ, ಗುಳ್ಳೆನರಿ, ತೋಳ, ಮುಂಗುಸಿ ಮೊದಲಾದ ಮಾಂಸಾಹಾರಿಗಳ ಕಡಿತ ಮತ್ತು ತರಚು ಅತ್ಯಂತ ಗಂಭೀರ. ಅಂತರಗಂಗೆ, ಆವನಿಯಂತಹ ಬೆಟ್ಟದ ಕ್ಷೇತ್ರಗಳಲ್ಲಿ ಕೋತಿಗಳು ಮಕ್ಕಳ ಕೈಯ ತಿಂಡಿಗೆ ಎರಗಿ ಪರಚುತ್ತವೆ. ಕೋತಿಗಳಲ್ಲಿ ರೇಬಿಸ್ ಅಪರೂಪವಾದರೂ ಪರಚಿದರೆ ಲಸಿಕೆ ಪಡೆಯಲೇಬೇಕು. ಮನೆಯ ಇಲಿ, ಅಳಿಲು, ಮೊಲಗಳ ಕಡಿತಕ್ಕೆ ಸಾಮಾನ್ಯವಾಗಿ ರೇಬಿಸ್ ಲಸಿಕೆ ಬೇಕಾಗುವುದಿಲ್ಲ, ಆದರೂ ವೈದ್ಯರಿಗೆ ತೋರಿಸಿ ಧನುರ್ವಾಯು ಚುಚ್ಚುಮದ್ದು ಪಡೆಯಿರಿ. ಹಾವು, ಓತಿ, ಪಕ್ಷಿಗಳಿಂದ ರೇಬಿಸ್ ಬರುವುದಿಲ್ಲ.

ಬಾವಲಿಗಳ ಬಗ್ಗೆ ಎರಡು ಮಾತು ಅಗತ್ಯ. ಅಮೆರಿಕ ಖಂಡದಲ್ಲಿ ಬಾವಲಿಗಳು ರೇಬಿಸ್‌ನ ಮುಖ್ಯ ಮೂಲ; ಭಾರತದಲ್ಲಿ ಮನುಷ್ಯರಿಗೆ ರೋಗ ಹರಡುವುದು ಬಹುಪಾಲು ನಾಯಿಯಿಂದ. ನೆಲಕ್ಕೆ ಬಿದ್ದ ಬಾವಲಿಯನ್ನು ಮಗು ಮುಟ್ಟಿದ್ದರೆ ಮೇಲಿನಂತೆಯೇ ತೊಳೆದು ವೈದ್ಯರ ಸಲಹೆ ಪಡೆಯಿರಿ. ಆದರೆ ಈ ಭಯದಿಂದ ಗುಹೆಗಳಿಗೆ ಹೊಗೆ ಹಾಕುವುದು, ಬಾವಲಿಗಳನ್ನು ಕೊಲ್ಲುವುದು ಸರಿಯಲ್ಲ. ಜಗತ್ತಿನಲ್ಲಿ ಬೇರೆಲ್ಲಿಯೂ ಉಳಿದಿಲ್ಲವೆನ್ನಲಾದ ಕೋಲಾರದ ಎಲೆಮೂಗಿನ ಬಾವಲಿ ನಮ್ಮ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿದೆ. ಅದು ಅಳಿವಿನ ಅಂಚಿನಲ್ಲಿರುವ ಜೀವಿ. ಕೀಟ ತಿನ್ನುವ ಬಾವಲಿಗಳು ರಾತ್ರಿಯಿಡೀ ನಿಮ್ಮ ಹೊಲದ ಪತಂಗಗಳನ್ನು ಹಿಡಿಯುತ್ತವೆ ಎಂಬುದನ್ನು ಬೆಳೆ ವಿಜ್ಞಾನಿಯಾಗಿ ಸೇರಿಸಲೇಬೇಕು.

ಕೊಟ್ಟಿಗೆಗೆ ಬಂದ ರೇಬಿಸ್

ರೋಗಗ್ರಸ್ತ ನರಿ ಅಥವಾ ನಾಯಿ ರಾತ್ರಿ ಕೊಟ್ಟಿಗೆಗೆ ನುಗ್ಗಿ ಹಸುವನ್ನು ಕಚ್ಚಿದ್ದು ಮನೆಯವರಿಗೆ ತಿಳಿಯದೇ ಹೋಗಬಹುದು. ವಾರಗಳ ನಂತರ ಹಸು ಮೇವು ಬಿಡುತ್ತದೆ, ಒಡಕು ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ಹಿಂಗಾಲು ಎಳೆಯುತ್ತದೆ. ಗಂಟಲಿಗೆ ಗೆಡ್ಡೆಯೋ ಮೇವೋ ಸಿಕ್ಕಿರಬೇಕೆಂದು ರೈತರು ಬಾಯಿಗೆ ಕೈ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೈನುಗಾರಿಕೆಯನ್ನೇ ನಂಬಿದ ನಮ್ಮ ಜಿಲ್ಲೆಯಲ್ಲಿ ಜನರು ಅತಿ ಕಡಿಮೆ ಅರಿತಿರುವ ಅಪಾಯವಿದು. ಇಂತಹ ಲಕ್ಷಣವಿದ್ದರೆ ಬಾಯಿಗೆ ಕೈ ಹಾಕಬೇಡಿರಿ, ಗೊಟ್ಟದಿಂದ ಔಷಧಿ ಕುಡಿಸಬೇಡಿರಿ, ಮಕ್ಕಳನ್ನು ದೂರವಿಡಿರಿ, 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿರಿ. ಕೈ ಹಾಕಿದ್ದಾಗಿದ್ದರೆ ಅದು ಲಸಿಕೆ ಬೇಕಾದ ಸಂಪರ್ಕ. ಕೈಯಲ್ಲಿ ಗಾಯವಿದ್ದರೆ ಸೀರಂ ಸಹ ಬೇಕು. ಆ ಹಸುವಿನ ಹಾಲನ್ನು ಬಳಸಬೇಡಿರಿ, ಡೇರಿಗೂ ಹಾಕಬೇಡಿರಿ. ಹಿಂದಿನ ದಿನಗಳಲ್ಲಿ ಕಾಯಿಸಿ ಕುಡಿದ ಹಾಲಿನಿಂದ ಭಯಪಡಬೇಕಿಲ್ಲ, ಕುದಿಸಿದರೆ ವೈರಾಣು ಸಾಯುತ್ತದೆ. ಹಸಿ ಹಾಲು ಕುಡಿದವರು ವೈದ್ಯರಿಗೆ ತಿಳಿಸಲಿ. ಸತ್ತ ಪ್ರಾಣಿಯನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ರೋಗ ಖಚಿತಪಡಿಸಿಕೊಳ್ಳಲು ಪಶುವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬಲ್ಲರು.

ಕಚ್ಚಿದ್ದು ಕಣ್ಣಾರೆ ಕಂಡಿದ್ದರೆ ಹಸುವಿನ ಗಾಯವನ್ನೂ ಸೋಪಿನಿಂದ ತೊಳೆದು, ಕೈಗವಸು ಧರಿಸಿ, ಅಂದೇ ಪಶುವೈದ್ಯರಿಂದ ಲಸಿಕೆ ಆರಂಭಿಸಿರಿ. ದನಗಳಿಗೂ ಕಡಿತದ ನಂತರದ ಲಸಿಕಾ ಕ್ರಮವಿದೆ.

ಹೊಲದ ಸುತ್ತಮುತ್ತ

ಕಾಡುಪ್ರಾಣಿಗೆ ರೋಗ ಬರುವುದು ಹೆಚ್ಚಾಗಿ ನಾಯಿಗಳಿಂದ. ಎರಡೂ ಸಂಧಿಸುವುದು ನಾವು ಎಸೆದ ತ್ಯಾಜ್ಯದ ಬಳಿ. ಕೋಳಿ ಫಾರಂಗಳ ಸತ್ತ ಕೋಳಿ, ಮಾಂಸದಂಗಡಿಯ ತ್ಯಾಜ್ಯ, ಸತ್ತ ಕರುಗಳನ್ನು ಕೆರೆಯಂಗಳಕ್ಕೋ ರಸ್ತೆ ಬದಿಯ ನೀಲಗಿರಿ ತೋಪಿಗೋ ಎಸೆಯುವುದು ನಿಂತರೆ ಅರ್ಧ ಕೆಲಸ ಆದಂತೆ. ಫಾರಂ ಮಾಲೀಕರು ಮುಚ್ಚಳವಿರುವ ಗುಂಡಿ ಮಾಡಿಕೊಳ್ಳಬೇಕು. ತೋಟ ಕಾಯುವ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಪಶುವೈದ್ಯರು ಸೂಚಿಸಿದಂತೆ ಮರುಲಸಿಕೆ, ಅನಂತರ ಪ್ರತಿ ವರ್ಷ ಲಸಿಕೆ ತಪ್ಪದೆ ಹಾಕಿಸಿರಿ. ನರಿಗೂ ನಿಮ್ಮ ಮಗುವಿಗೂ ನಡುವೆ ನಿಲ್ಲುವುದು ಆ ನಾಯಿಯೇ. ಬದು ಸವರುವ ಮುನ್ನ, ಕಲ್ಲುಗುಡ್ಡೆ ಬಿಚ್ಚುವ ಮುನ್ನ ಬಿಲ ಇದೆಯೇ ನೋಡಿರಿ. ಮರಿಗಳಿದ್ದರೆ ಕೆಲವು ವಾರ ಆ ಭಾಗವನ್ನು ಬಿಟ್ಟುಬಿಡಿರಿ. ತಾಯಿ ತಾನಾಗಿ ಅವುಗಳನ್ನು ಬೇರೆಡೆಗೆ ಒಯ್ಯುತ್ತದೆ. ಇಲಿಗಳನ್ನು ಹಿಡಿಯುವ ನರಿ ರಾಗಿ ಹೊಲಕ್ಕೆ ಶತ್ರುವಲ್ಲ. ಅದನ್ನು ಉರುಳು ಹಾಕಿ ಹಿಡಿಯುವವರಿಗೇ ಕಡಿತದ ಅಪಾಯ ಹೆಚ್ಚು.

ಪಶುಸಖಿಯರು, ಕೃತಕ ಗರ್ಭಧಾರಣಾ ಕಾರ್ಯಕರ್ತರು, ನಾಯಿ ಹಾಗೂ ಕಾಡುಪ್ರಾಣಿಗಳನ್ನು ಹಿಡಿಯುವ ಸಿಬ್ಬಂದಿ ಕಡಿತಕ್ಕೆ ಮೊದಲೇ ಮುಂಜಾಗ್ರತಾ ಲಸಿಕೆ ಪಡೆದಿರುವುದು ಒಳ್ಳೆಯದು. ವೈದ್ಯರ ಸಲಹೆಯಂತೆ 0, 7 ಮತ್ತು 21 ಅಥವಾ 28ನೆಯ ದಿನ ಇದನ್ನು ನೀಡಲಾಗುತ್ತದೆ. ಕರ್ನಾಟಕ ಸರ್ಕಾರ 2022ರಲ್ಲಿ ಮಾನವ ರೇಬಿಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸಿದೆ; ಶಂಕಿತ ಪ್ರಕರಣವನ್ನು ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. ಗ್ರಾಮದಲ್ಲಿ ಹೆದರಿಕೆಯಿಲ್ಲದ ನರಿ, ಒಮ್ಮೆಗೇ ಹಲವರನ್ನು ಕಚ್ಚಿದ ನಾಯಿ, ಕೂಗುತ್ತಾ ಸತ್ತ ಹಸು ಕಂಡುಬಂದರೆ ವಿಸ್ತರಣಾ ಕಾರ್ಯಕರ್ತರು ಅದೇ ದಿನ ಆಶಾ ಕಾರ್ಯಕರ್ತೆ, ಪಶುವೈದ್ಯರು ಮತ್ತು ಗ್ರಾಮ ಪಂಚಾಯಿತಿಗೆ ತಿಳಿಸಿ, ಆ ಪ್ರಾಣಿಯ ಸಂಪರ್ಕಕ್ಕೆ ಬಂದ ಮಕ್ಕಳ ಪಟ್ಟಿಯನ್ನು ಮನೆಮನೆಗೆ ಹೋಗಿ ಸಿದ್ಧಪಡಿಸಲಿ.